ಅಳತೆ

ಈ ಸಲದ ವಿಷಯ 'ದೂರ' ಎಂದು
ತ್ಬಿಲಿಸಿಯಿಂದ ಸುತ್ತೋಲೆ ಬಂತು.
ಜತೆಗೆ ನಿಯಮ ಹದಿನಾಲ್ಕು:
ಚೌಕಟ್ಟು ಕೂಡದು, ಮಿನುಗುಪುಡಿ ಕೂಡದು,
ಮುಂಭಾಗದಲ್ಲಿ ಹೆಸರು ಕೂಡದು,
ಅರವತ್ತು ಸೆಂಟಿಮೀಟರ್ ಮೀರಕೂಡದು.
ಹಲಗೆಯ ಮೇಲೆ ಎಲ್ಲ ಬರೆಯುವಷ್ಟರಲ್ಲಿ
ಸೀಮೆಸುಣ್ಣ ಮುಗಿಯಿತು, ಗಂಟೆ ಹೊಡೆಯಿತು.

ಏಳನೇ ತರಗತಿಗೆ ದೂರ ಗೊತ್ತು.
ವಾರದೊಳಗೆ ನನ್ನ ಮೇಜಿನ ಮೇಲೆ
ಹತ್ತೊಂಬತ್ತು ವಿಮಾನ, ಆರು ಚಂದ್ರ,
ಇಟಲಿಗೆ ಯಾರದೋ ಮುದುಕಿಯರ ಆರೈಕೆಗೆ ಹೋದ
ಅಮ್ಮಂದಿರು ನಾಲ್ವರು.
ನಾಲ್ವರ ಕಿವಿಗೂ ಫೋನು, ನಾಲ್ವರಿಗೂ ಒಂದೇ ಕೆಂಪು ಕೋಟು.
ಶಾಲೆಯಲ್ಲಿ ಕೆಂಪಿನ ಡಬ್ಬಿ ಇರುವುದೇ ಒಂದು.

ಇಯಾ ಮಾತ್ರ ಏನೂ ಕೊಟ್ಟಿರಲಿಲ್ಲ.
ಕೊನೆಯ ದಿನ ಕೋಟಿನ ಜೇಬಿಂದ
ಮುಷ್ಟಿಗಾತ್ರದ ಸುರುಳಿಯೊಂದನ್ನು ತೆಗೆದಿಟ್ಟಳು.
ಟಿಕೆಟ್ಟಿನ ಸುರುಳಿ.
ಹೊಳೆಯಾಚೆಯ ಮ್ಯಾಂಗನೀಸ್ ಗಣಿಗೆ
ತಂತಿಯ ಮೇಲೆ ತೂಗುತ್ತ ಹೋಗುತ್ತಿದ್ದ ಕಬ್ಬಿಣದ ಪೆಟ್ಟಿಗೆ;
ಅದರ ಬಾಗಿಲಲ್ಲಿ ನಿಂತು ಅಜ್ಜಿ ಲಾಮ್ಜಿರಾ
ಮೂವತ್ತೊಂದು ವರ್ಷ ಹರಿದು ಕೊಟ್ಟಳಲ್ಲ, ಅಂಥವು.
ತಂತಿ ನಿಂತ ದಿನ ಹರಿಯದೆ ಉಳಿದವು.
ಒಂದೊಂದರ ಬೆನ್ನಿಗೂ ಒಂದೊಂದು ಮುಖ,
ಬಾಲ್‌ಪೆನ್ನಿನದು, ಹೆಬ್ಬೆಟ್ಟಿಗಿಂತ ಚಿಕ್ಕದು.

ಯಾರಿವರು?
'ದಿನಾ ಹೋಗುತ್ತಿದ್ದವರು. ಅಜ್ಜಿ ಹೇಳಿದ ಹಾಗೆ ಬರೆದೆ.
ಇವನು ಬಾದ್ರಿ, ಚಿಲ್ಲರೆ ಎಂದೂ ತರಲಿಲ್ಲ.
ಇವಳು ಕ್ಯಾಂಟೀನಿನ ಪೆಲಾಗಿಯಾ, ಒಮ್ಮೆಯೂ ಕೆಳಗೆ ನೋಡಲಿಲ್ಲ.
ಇವನ ಹೆಸರು ಅಜ್ಜಿಗೆ ಮರೆತಿದೆ, ಕಿವಿ ನೆನಪಿದೆ.'
ಹೌದು, ಆ ಮುಖದಲ್ಲಿ ಬರೀ ಕಿವಿ.

ಅರ್ಜಿಯ 'ಅಳತೆ' ಎಂಬಲ್ಲಿ ತುಂಬಿದ್ದಳು:
ಎತ್ತರ, ನಾಲ್ಕು ಸೆಂಟಿಮೀಟರ್.
ಉದ್ದ, ಈ ದಡದಿಂದ ಆ ದಡಕ್ಕೆ.
ಅಂಕಿಯಲ್ಲಿ ಬರೀಬೇಕಮ್ಮಾ, ಎಂದೆ.
ಹಾಗಾದರೆ ಅಳೆಯೋಣ, ಎಂದಳು.

ಶಿಕ್ಷಕರ ಕೋಣೆಯ ಹೊಸಿಲಲ್ಲಿ ಒಂದು ತುದಿಯನ್ನು
ನಾನು ಬೂಟಿನಡಿ ಹಿಡಿದೆ.
ಅವಳು ಬಗ್ಗಿಕೊಂಡು ಬಿಚ್ಚುತ್ತ ಬಿಚ್ಚುತ್ತ
ಬೀಗ ಜಡಿದ ಪ್ರಯೋಗಾಲಯ ದಾಟಿ,
ಸೋರುವ ಸೂರಿನ ಕೆಳಗಿನ ಬಕೆಟ್ಟು ದಾಟಿ,
ಗಾಜಿನ ಬದಲು ರಟ್ಟು ಅಂಟಿಸಿದ ಕಿಟಕಿಯವರೆಗೆ.
ಊಟದ ಬಿಡುವು. ಎರಡೂ ಬದಿಗೆ ಮಕ್ಕಳು
ಬ್ರೆಡ್ಡು ಕಚ್ಚಿಕೊಂಡೇ ಕುಕ್ಕರಗಾಲಲ್ಲಿ ಕೂತರು.
ಯಾರೋ ಕೂಗಿದರು: ನನ್ನ ತಾತ!
ಇನ್ಯಾರೋ: ಸುಳ್ಳು, ಅದು ನನ್ನ ತಾತ.
ಕಾವಲುಗಾರ ಮುರ್ಮಾನ್ ಕನ್ನಡಕ ಏರಿಸಿ ಬಂದ,
ನೂರಾ ಎಷ್ಟನೆಯದೋ ಟಿಕೆಟ್ಟಿನ ಮೇಲೆ ಬಹಳ ಹೊತ್ತು ಬಾಗಿದ,
'ಆಗ ನನಗೆ ಮೀಸೆ ಇರಲಿಲ್ಲ' ಎಂದು ಸಿಡುಕಿ
ಮೂಗು ಒರೆಸಿಕೊಂಡು ಹೋದ.

ಹದಿನೇಳು ಮೀಟರ್ ನಲವತ್ತು.
ಇನ್ನೂರ ತೊಂಬತ್ತು ಟಿಕೆಟ್ಟು.
ನಿಯಮ ಆರರ ಪ್ರಕಾರ ಕತ್ತರಿಸಿದರೆ ಹತ್ತು ಜನ ಉಳಿಯುತ್ತಾರೆ.
ಕತ್ತರಿ ನನ್ನ ಕೈಯಲ್ಲೇ ಇತ್ತು.
'ಯಾರ್ಯಾರನ್ನ ಇಳಿಸೋದು ಮಿಸ್?'
ನಾನು ಚಿತ್ರಕಲೆಯ ಮಿಸ್. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.
ಕತ್ತರಿಯನ್ನು ಡ್ರಾಯರಿಗೆ ಹಾಕಿದೆ,
ಡ್ರಾಯರು ಎಂದಿನಂತೆ ಅರ್ಧಕ್ಕೇ ಸಿಕ್ಕಿಕೊಂಡಿತು.

ಅವಳೇ ಕೊನೆಗೆ ಕಿಟಕಿಯ ತುದಿಯಿಂದ
ಒಂದನ್ನು ಹರಿದು ತಂದಳು. ಅಜ್ಜಿಯ ಹಾಗೇ,
ಹೆಬ್ಬೆರಳಿನ ಉಗುರಿಂದ, ಒಂದೇ ಎಳೆತಕ್ಕೆ.
ಅದರ ಮೇಲೆ ಮನುಷ್ಯ ಇರಲಿಲ್ಲ, ನಾಯಿ ಇತ್ತು.
'ಇದು ದಿನಾ ಪುಕ್ಕಟೆ ಹತ್ತುತ್ತಿತ್ತಂತೆ.
ಒಂದು ದಿನ ಆಚೆ ಇಳಿದದ್ದು, ಅಷ್ಟೇ.'
ಮಿಕ್ಕ ಇನ್ನೂರ ಎಂಬತ್ತೊಂಬತ್ತು ಮಂದಿ
ಸುರುಳಿ ಸುತ್ತಿಕೊಂಡು ಅವಳ ಜೇಬು ಹತ್ತಿದರು.

ವಿವರಣೆ, ನೂರು ಪದ ಮೀರದಂತೆ.
ಅವಳು ಬರೆದದ್ದು ಮೂರು:
ನಾಯಿಗೆ ಟಿಕೆಟ್ ಕೊಟ್ಟೆ.

ಸಂಜೆ ಅಂಚೆಗೆ ಹೋದೆ.
ಅಂಟಿಸಿದ ಸ್ಟಾಂಪು ಚಿತ್ರಕ್ಕಿಂತ ತುಸುವೇ ಚಿಕ್ಕದು.
ಲಕೋಟೆಯನ್ನು ಕಿವಿಯ ಬಳಿ ಅಲುಗಿಸಿ
ಒಳಗೇನಿದೆ? ಎಂದಳು ಅಂಚೆಯವಳು.
ನಾಯಿ, ಎಂದೆ.
ಕಚ್ಚುತ್ತದಾ? ಎಂದು
ತಲೆಯೆತ್ತದೆ ಮುದ್ರೆ ಒತ್ತಿದಳು.