ಎರಡು ಪೆಟ್ಟು, ಒಂದು ಬಿಡುವು

ಅವನು ಕೋಟೆಯಾಚೆಯ ಒರತೆಯ ಕಡೆಯಿಂದ ಕೊರೆಯುತ್ತಿದ್ದ,
ನಾನು ಕೊಳದ ಕಡೆಯವರ ದೀಪಗಳಿಗೆ ಎಣ್ಣೆ ಹೊರುತ್ತಿದ್ದೆ.
ನಡುವೆ ಯೆರೂಸಲೇಮು, ಅದರ ಆಡುಗಳು, ಬಾಣಂತಿಯರು,
ಅದರಡಿ ಬಂಡೆ.

ಬಡಗಣದಿಂದ ದಂಡು ಬರುತ್ತದೆಂದು ಬಾಗಿಲು ಹಾಕಿಬಿಟ್ಟರು.
ಸುರಂಗ ಕೂಡಿದ ದಿನ ಸಿಗೋಣ, ಅಂದಿದ್ದ ಯೇಥೆರ.
ಎಂದು ಕೂಡೀತು ಅಂದರೆ
ಲೆಕ್ಕ ಬಲ್ಲವರೂ ಗಡ್ಡ ನೀವಿಕೊಂಡರು.

ಇರುಳೆಲ್ಲ ನೆಲಕ್ಕೆ ಕಿವಿಯಿಟ್ಟು ಊರು ಸುತ್ತಿದೆ.
ಕುಂಬಾರ ಮಲ್ಲೋಥಿಯ ಹಿತ್ತಲು, ಆಡಿನ ರೊಪ್ಪ,
ವಿಧವೆ ಸೆರಹಳ ಒಲೆಯ ಬೂದಿ ಸರಿಸಿ, ಅಲ್ಲೂ.
ಹೊಗ್ಲಾ, ಏನೇ ಕಳಕೊಂಡೆ?
ಓಲೆ, ಅಂದೆ.
ಒಂದು ಓಲೆಗೆ ಎಷ್ಟು ಮನೆಯ ನೆಲವೇ, ಎಂದು ನಕ್ಕರು.
ಹೇಗಿತ್ತು ಅದು?
ಜವೆರೊಟ್ಟಿಯ ಬಣ್ಣ, ಒದ್ದೆ ಕಲ್ಲಿನ ವಾಸನೆ,
ಎಂದುಬಿಟ್ಟೆ.
ಆಮೇಲೆ ಯಾರೂ ನಗಲಿಲ್ಲ.

ಹತ್ತು ಸುತ್ತಿಗೆಗಳಲ್ಲಿ ಅವನದು ನನಗೆ ಗೊತ್ತು:
ಎರಡು ಪೆಟ್ಟು, ಒಂದು ಬಿಡುವು.
ಬಿಡುವಿನಲ್ಲಿ ಅಂಗೈಗೆ ಉಗುಳಿಕೊಳ್ಳುತ್ತಾನೆ.
ಹೊಲಸು ಚಾಳಿ, ಎಂದು ಬೈದಿದ್ದೆ ಅಂಜೂರದ ನೆರಳಲ್ಲಿ;
ಈಗ ಆ ಬಿಡುವು ಬರುವ ತನಕ
ಉಸಿರು ಬಿಡುತ್ತಿರಲಿಲ್ಲ.

ಸುರಂಗವೋ ಹಾವಿನಂತೆ ಹೊರಳುತ್ತದೆ.
ನಿನ್ನೆ ರೊಪ್ಪದಡಿ ಇದ್ದವನು ಇಂದು ಎಲ್ಲಿಯೂ ಇಲ್ಲ,
ನಾಳೆ ಯಾರದೋ ಹಾಸಿಗೆಯ ಕೆಳಗೆ.

ಜವೆ ಕೊಯ್ಲಿನ ಹೊತ್ತಿಗೆ ಒಂಬತ್ತು ಇರುಳು ಏನೂ ಕೇಳಲಿಲ್ಲ.
ಹತ್ತನೆಯದಕ್ಕೆ ಬಂತು, ಅದೇ ಎರಡು, ಅದೇ ಬಿಡುವು,
ಕೊಂಚ ಮೆತ್ತಗೆ. ಜ್ವರ ಬಂದಿತ್ತೇನೋ.
ಮಣ್ಣಿಗೆ ತುಟಿಯಿಟ್ಟು ಮನಸಾರೆ ಬೈದೆ.

ಕೂಡಿದ ದಿನ ಹೊರಬಂದವರೆಲ್ಲ
ಸುಣ್ಣದ ಧೂಳಿನಲ್ಲಿ ಒಂದೇ ಮುಖ, ಒಂದೇ ಪ್ರಾಯ.
ನೋಡಿದೆ. ಮತ್ತೆ ನೋಡಿದೆ.
ಕಡೆಗೆ ಕಲ್ಲೊಂದನ್ನೆತ್ತಿ ಗೋಡೆಗೆ ಬಡಿದೆ,
ಎರಡು ಸಲ. ಸುಮ್ಮನಾದೆ.

ಒಬ್ಬ ತಿರುಗಿದ. ಮೀಸೆ ಮೂಡದ ಹುಡುಗ.
ಕೈಯಲ್ಲಿ ಯೇಥೆರನ ಸುತ್ತಿಗೆ,
ಹಿಡಿಗೆ ನಾನೇ ಸುತ್ತಿಕೊಟ್ಟ ತೊಗಲು.

ಹೀಗೇ ಹೊಡಿ ಅಂದಿದ್ದರು ಅಣ್ಣ, ಅಂದ,
ತಪ್ಪಿಸಬೇಡ, ಮೇಲೆ ಯಾರೋ ಎಣಿಸ್ತಾ ಇರ್ತಾರೆ ಅಂತ.

ಅಷ್ಟರಲ್ಲಿ ನೀರು ಬಂತು. ಕೇಕೆ ಎದ್ದಿತು.
ಮೊದಲು ಕೆಸರು, ಆಮೇಲೆ ತಣ್ಣಗೆ, ಮೀನಖಂಡದವರೆಗೆ.
ಎಣ್ಣೆಯ ಗಿಂಡಿ ಕೈಯಲ್ಲಿ ಹಾಗೇ ಇತ್ತು.
ಹುಡುಗ ಕೇಳಿದ:
ಅದು ಯಾರಿಗಕ್ಕಾ?