ಜಾಡಿ ನಂಬರ್ ನಲವತ್ತೊಂದು

ನನಗೆ ಕಡಲು ಗೊತ್ತಿಲ್ಲ.
ಗೊತ್ತಿರುವುದು ಅದರ ಒಂದೂವರೆ ಲೀಟರು,
ಹಾಸನದ ಕಾಲೇಜಿನ ಪ್ರಾಣಿಶಾಸ್ತ್ರದ ಬೀರುವಿನಲ್ಲಿ
ಮೂರನೇ ಹಲಗೆ, ಎಡಕ್ಕೆ,
ಉಪ್ಪಿಲ್ಲದ್ದು, ಅಲೆಯಿಲ್ಲದ್ದು,
ಮುಚ್ಚಳ ತೆಗೆದರೆ ಕಣ್ಣು ಉರಿಯುವಂಥದ್ದು.

ಒಳಗೆ ಒಂದು ಶಂಖ.
ಶಂಖದೊಳಗೆ ಸನ್ಯಾಸಿ ಏಡಿ.
ಶಂಖದ ಬೆನ್ನ ಮೇಲೆ ಕಡಲಹೂವು.
ಹೂವಲ್ಲ, ಪ್ರಾಣಿಯೇ ಎಂದು
ಲಿಲ್ಲಿ ಮೇಡಂ ವರ್ಷಕ್ಕೊಮ್ಮೆ ಹೇಳುತ್ತಿದ್ದರು,
ವರ್ಷಕ್ಕೊಮ್ಮೆ ಯಾರಾದರೊಬ್ಬ ನಂಬುತ್ತಿರಲಿಲ್ಲ.

ಹೆಸರು ನೋಡಿ, ಸನ್ಯಾಸಿ!
ಯಾರದೋ ಬಿಟ್ಟ ಮನೆ ಬೆನ್ನಿಗೆ,
ಮನೆಯ ಮೇಲೆ ಕುಟುಕುವ ಸಂಗಾತಿ.
ಇವನು ತಿಂದು ಚೆಲ್ಲಿದ್ದು ಅವಳಿಗೆ,
ಅವಳ ಕುಟುಕು ಇವನ ಕಾವಲಿಗೆ;
ಆಕ್ಟೋಪಸ್ಸು ಬಂದರೆ ಕೈ ಸುಟ್ಟುಕೊಂಡು ಹೋಗುತ್ತದಂತೆ.
ಪರೀಕ್ಷೆಯಲ್ಲಿ ಇಷ್ಟು ಬರೆದರೆ ಎರಡು ಅಂಕ,
ಚಿತ್ರಕ್ಕೆ ಒಂದು.

ನಮ್ಮೂರಲ್ಲಿ ಹಾಸನಾಂಬೆಯ ಬಾಗಿಲು
ವರ್ಷಕ್ಕೊಂದು ಸಲ ತೆಗೆಯುತ್ತಾರೆ.
ನನ್ನ ಬೀರುವೂ ಹಾಗೇ, ಪ್ರಾಕ್ಟಿಕಲ್ ದಿನ.
ಒಳಗೆ ಆರದ ದೀಪವೊಂದು ಇರಲಿಲ್ಲ, ಅಷ್ಟೆ.
ಭಯಭಕ್ತಿ, ನೂಕುನುಗ್ಗಲು ಎಲ್ಲಾ ಇತ್ತು.

ಇಪ್ಪತ್ತೊಂಬತ್ತು ವರ್ಷ
ಫಾರ್ಮಲಿನ್ ಇಳಿದಾಗಲೆಲ್ಲ ತುಂಬಿದೆ,
ಮುಚ್ಚಳಕ್ಕೆ ಮೇಣ ಬಳಿದೆ.
ನಾನು ಅವು ಕೊಳೆಯದಂತೆ ನೋಡಿಕೊಂಡೆ,
ಅವು ನನ್ನ ಅನ್ನ ಹಳಸದಂತೆ.
ಇದಕ್ಕೂ ಪುಸ್ತಕದಲ್ಲಿ ಒಂದು ಹೆಸರಿರಬಹುದು.

ಮಾರ್ಚ್‌ನಲ್ಲಿ ಆದೇಶ ಬಂತು:
ವಿಭಾಗ ಹೊಸ ಕಟ್ಟಡಕ್ಕೆ,
ಹಳೆಯ ಜಾಡಿಗಳು ವಿಲೇವಾರಿಗೆ,
ಇನ್ನು ಎಲ್ಲವನ್ನೂ ಪರದೆಯ ಮೇಲೆ ತೋರಿಸತಕ್ಕದ್ದು.
ತೋರಿಸಿದರು.
ಮೊದಲ ಸಲ ನನ್ನ ಸನ್ಯಾಸಿ ನಡೆದ.

ಇದೊಂದು ನನಗೆ ಗೊತ್ತಿರಲಿಲ್ಲ.
ಮೈ ಬೆಳೆದು ಶಂಖ ಬಿಗಿಯಾದಾಗ
ದೊಡ್ಡದೊಂದು ಹುಡುಕಿ, ಹಿಮ್ಮುಖವಾಗಿ ಹೊಕ್ಕು,
ಆಮೇಲೆ ಹಳೆ ಮನೆಯತ್ತ ಕೈ ಚಾಚಿ
ಅವಳನ್ನು ತಟ್ಟುತ್ತಾನೆ.
ತಟ್ಟುತ್ತಾನೆ, ಸವರುತ್ತಾನೆ, ಮತ್ತೆ ತಟ್ಟುತ್ತಾನೆ,
ನಿದ್ದೆಗಣ್ಣ ಮಗುವನ್ನು ಬಸ್ಸಿಂದ ಇಳಿಸುವವರ ಹಾಗೆ.
ಬೇರೆ ಯಾರು ಎಳೆದರೂ
ಹರಿದುಹೋದಾಳೇ ಹೊರತು ಬಿಡದವಳು
ಆ ತಟ್ಟಿಗೆ ಪಾದ ಸಡಿಲಿಸುತ್ತಾಳೆ.
ಎತ್ತಿ ಹೊಸ ಬೆನ್ನ ಮೇಲಿಟ್ಟುಕೊಳ್ಳುತ್ತಾನೆ.

ಹುಡುಗರು ಶಿಳ್ಳೆ ಹಾಕಿದರು.
ನಾನು ಬೀರುವಿನ ಕಡೆ ನೋಡಿದೆ.
ಜಾಡಿಯಲ್ಲಿ ಏಡಿಯ ಒಂದು ಕೈ
ಶಂಖದ ಹೊರಗೆ, ಮೇಲಕ್ಕೆ.
ಇಷ್ಟು ವರ್ಷ ಅದು ಸಾಯುವಾಗಿನ ಸೆಟೆತ ಅಂದುಕೊಂಡಿದ್ದೆ.
ಇರಲೂಬಹುದು.

ಗಾಡಿ ಬರುವ ದಿನ
ಹೊಂಬಮ್ಮ ಆಲೂಗಡ್ಡೆ ಚೀಲ ಹಿಡಿದು ನಿಂತಳು.
ಮಣ್ಣುಮುಕ್ಕ ಹಾವು ಕೊಟ್ಟೆ, ಎರಡು ಕಪ್ಪೆ,
ಲಾಡಿಹುಳ, ರೆಕ್ಕೆ ಮುರಿದ ಬಾವಲಿ.
ನಲವತ್ತೊಂದು ಬಂದಾಗ ಕೈ ಚಾಚಲಿಲ್ಲ ನಾನು.
"ಒಂದೇ ಪಿರಾಣಿ ತಾನೇ ಅಣ್ಣ?"
"ಎರಡು."
"ಗಂಡ ಹೆಂಡ್ತಿಯಾ?"
"ಅಲ್ಲ. ಹೆಂಗೆ ಹೇಳಲಿ... ವಠಾರ."
ಅವಳು ನಗಲಿಲ್ಲ.
ಸೆರಗಿನಿಂದ ಗಾಜು ಒರೆಸಿ, ಬಗ್ಗಿ,
ಬಹಳ ಹೊತ್ತು ನೋಡಿದಳು.

ಪಟ್ಟಿಯಲ್ಲಿ ಅದರ ಎದುರು 'ಒಡೆದಿದೆ' ಅಂತ ಬರೆದೆ.
ನನ್ನ ನೌಕರಿಯ ಒಂದೇ ಸುಳ್ಳು,
ಸಾಕ್ಷಿಗೆ ಹೊಂಬಮ್ಮನ ಹೆಬ್ಬೆಟ್ಟು.

ಸಾಲಗಾಮೆ ರಸ್ತೆಯ ಉಬ್ಬಿನಲ್ಲಿ ಸ್ಕೂಟರು ಎಗರಿತು.
ಹಿಂದೆ, ಅವಳ ಮಡಿಲಲ್ಲಿ,
ಒಂದೂವರೆ ಲೀಟರಿಗೆ ಮೊದಲ ಸಲ ಅಲೆ ಎದ್ದಿರಬೇಕು.
ಬೆನ್ನ ಮೇಲೆ ಅವಳು ಎರಡು ಸಲ ತಟ್ಟಿದಳು:
"ನಿಧಾನ ಕಣಣ್ಣಾ."