ಬ್ಯಾಟರಿ ಹಿಡಿಯಾಂವ

ಚಿತ್ರಜ್ಯೋತಿ ಟಾಕೀಜಿನ್ಯಾಗ ನಾಕನೇ ವಾರ.
ಪೋಸ್ಟರಿನ ಮ್ಯಾಲೆ ಮುಂಬೈ: ಸಮುದ್ರ, ಎತ್ತರದ ಬಿಲ್ಡಿಂಗು,
ತುದಿಗೆ ಹಲ್ಲು ಕಿಸದು ನಿಂತ ಹೀರೊ.
ಅಂಟು ಬಿಟ್ಟು ಅವನ ಒಂದು ಕಿವಿ
ಗಾಳಿಗೆ ಪಟಪಟ ಅಂತದ.

ಕಥಿ ಇಷ್ಟ:
ಅಂವ ಇರೂದು ವಿರಾರದಾಗ, ಆಕಿ ಪನವೇಲದಾಗ.
ದಿನಾ ಸಂಜಿಗೆ ಬೇಕಂತ ತಪ್ಪು ಲೋಕಲ್ ಹತ್ತತಾನ,
ಆಕಿ ಬಾಜೂಕ ನಿಂದ್ರಾಕ.
ಆಕಿ ಇಳದ ಮ್ಯಾಲೆ ಮೂರು ತಾಸು ತಿರಗಿ ತನ್ನ ಮನಿಗೆ.
ಮಂದಿ ನಗತದ.
ರಿಪೇರಿಯಾಂವ ಅಂತ ಸುಳ್ಳು ಹೇಳಿ ಆಕಿ ಮನಿ ಹೊಕ್ಕು
ಚಾಲೂ ಇದ್ದ ಫ್ರಿಜ್ ಕೆಡಿಸಿ ಬರ್ತಾನ.
ಮಂದಿ ಬಿದ್ದು ಬಿದ್ದು ನಗತದ.
ಕಡೀಕ ಆಕಿ ಮದಿವಿ, ಬ್ಯಾರೆಯವನ ಜೋಡಿ.
ವರಾತದಾಗ ಎಲ್ಲಾರಕಿಂತ ಮುಂದ ಕುಣಿಯಾಂವ ಇಂವ.

ನಮ್ಮ ಸೊಲ್ಲಾಪುರದಾಗ ತಪ್ಪಿ ಹತ್ತಾಕ ಲೋಕಲ್ ಎಲ್ಲಿ ಅದ?
ಸಾತ್ ರಸ್ತಾದಾಗ ರಿಕ್ಷಾ,
ಅದೂ ಆರು ಮಂದಿ ತುಂಬೂತನಾ ಹೊಂಡಂಗಿಲ್ಲ.

ಪರದೆ ನೋಡೂದು ಬಿಟ್ಟು ಭಾಳ ದಿನ ಆತು.
ಅದಕ್ಕ ಬೆನ್ನು ಕೊಟ್ಟು ಮಂದಿ ಮಾರಿ ನೋಡ್ತೀನಿ.
ಯಾವ ನಗು ಎಷ್ಟು ಹೊತ್ತಿಗೆ ಬರ್ತದ, ಬಾಯಿಪಾಠ.
ಡಿ ಸಾಲಿನ್ಯಾಗ ಒಬ್ಬಾಂವ, ಸೋಮವಾರಕ್ಕೊಮ್ಮೆ,
ಚಾದರ ಕಾರ್ಖಾನಿ ಹತ್ತಿ ತಲಿಮ್ಯಾಲೆ ಹಂಗ ಇರ್ತದ,
ಅಂವ ಒಮ್ಮೆನೂ ನಗಂಗಿಲ್ಲ.
ಅವನ ಟಿಕೆಟ್ ಸಾವಕಾಶ ಹರೀತೀನಿ,
ಅಂಚು ನೆಟ್ಟಗ ಬರೂ ಹಂಗ.

ಟಿಕೆಟ್ ಖಿಡಕಿಯಾಗ ಮಹಾನಂದಾ.
ಗಿರಾಕಿ ಜೋಡಿ ಮರಾಠಿ,
ನೇಕಾರ ಓಣಿ ಮಂದಿ ಬಂದ್ರ ಅರಧಾಮುರಧಾ ತೆಲುಗು,
ಮಾಲಕನ ಜೋಡಿ ಹಿಂದಿ.
ಆರು ತಿಂಗಳು ನಾನೂ ಮರಾಠಿಯಾಗ,
"ಚಹಾ ಘೇಣಾರ ಕಾ?"
"ನಕೊ."
ಅಷ್ಟ ನಮ್ಮ ಸಾಹಿತ್ಯ.

ಒಂದಿನ ರಾತ್ರಿ ಖಿಡಕಿ ಮುಚ್ಚಿ ರೊಕ್ಕ ಎಣಸಾಕ ಕುಂತಾಗ
ಆಕಿ ತುಟಿಯೊಳಗ ಕೇಳಿತು:
ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು.
ಮಾತು ಯಾವದರ ಇರಲಿ,
ರೊಕ್ಕ ಮಾತ್ರ ಅವ್ವನ ಭಾಷಾದಾಗ ಎಣಸ್ತಾರ.
ಅವತ್ತು ಬ್ಯಾಟರಿ ಆರಸೂದು ಮರತು
ಬೀದಿದೀಪದ ಕೆಳಗ ಬೆಳಕು ಬಿಟ್ಕೋತ ಮನಿಗೆ ನಡದೆ.

ಆವಾಗಿನಿಂದ ನನಗ ಕೆಮ್ಮು.
ಮೂವತ್ತೇಳಕ್ಕ ಬಂದ್ಲಂದ್ರ ಕೆಮ್ಮತೀನಿ.
ಲೆಕ್ಕ ತಪ್ಪತದ. ಬೆರಳು ನಾಲಿಗಿಗೆ ಹಚ್ಚಿ
ಮತ್ತ ಒಂದು, ಎರಡು, ಮೂರು.
ಹೌಸಫುಲ್ ಇದ್ದ ದಿನ ಎರಡು ಸಲ ಕೆಮ್ಮೀನಿ, ಸುಳ್ಳ ಯಾಕ ಹೇಳಲಿ.
"ನೀವೂ ನಮ್ಮವರ ಏನ್ರಿ" ಅಂತ ಕೇಳಬೇಕಂತ ಬಾಯಿ ತಗದ್ರ
ಬರೂದು ಅದ ಒಂದು.

ಈ ಶುಕ್ರವಾರ ಆಕಿ ರಜಾ.
ಪಿಚ್ಚರ್ ಚಾಲೂ ಆಗಿ ಹದಿನೈದು ಮಿನಿಟಿಗೆ ಬಂದ್ಲು,
ಹೊಸಾ ಸೀರಿ, ಬಾಜೂಕ ಒಬ್ಬ.
ಅಕ್ಕಲಕೋಟದಾಂವ, ವೈಜನಾಥ,
ಎಸ್.ಟಿ. ಡೆಪೊದಾಗ ನೌಕರಿ ಅಂತ,
ಹೋದ ಐತವಾರ ಸಕ್ಕರಿ ಹಂಚ್ಯಾರಂತ.
ಕ್ಯಾಂಟೀನಿನ ಹುಡುಗಗ ಎಲ್ಲಾ ಗೊತ್ತದ, ನನಗ ಅಷ್ಟ ಇಲ್ಲ.

ಟಿಕೆಟ್ ಹರದೆ. ಎರಡೂ. ಅಂಚು ನೆಟ್ಟಗ.
ಬ್ಯಾಟರಿ ಹಾಕಿದೆ.
ದುಂಡನ ಬೆಳಕಿನ್ಯಾಗ ನಾಕು ಕಾಲು:
ಎರಡು ಚಪ್ಪಲಿ, ಎರಡು ಪಾಲಿಶ್ ಬೂಟು.
ಒಂದು ಪಾವಟಿಗಿ ಮುರದದ, ನೋಡಿ ಇಡ್ರಿ.
ಎಫ್ ಸಾಲು. ಮೂಲಿ.

ಕುಂಡ್ರೂ ಮುಂದ ಆಕಿ ತಿರಗಿ,
ಕತ್ತಲದಾಗ, ಕನ್ನಡದಾಗ:
"ಕೆಮ್ಮು ಕಡಿಮಿ ಆತೇನ್ರಿ ನಿಮ್ಮದು?"

"ಆತ್ರಿ" ಅಂದೆ.
ಅಂದಕೂಡ್ಲೆ ಬಂತು ನೋಡ್ರಿ,
ಖರೇ ಕೆಮ್ಮು, ಕಣ್ಣಾಗ ನೀರು ಬರೂವಷ್ಟು.
ಕೈಯಾಗಿನ ಬೆಳಕು ಗ್ವಾಡಿಗೆ, ಫ್ಯಾನಿಗೆ,
ಹೀರೋನ ಹಣಿಗೆ ಬಡೀತು.
ಟಾಕೀಜ ತುಂಬ ನಗು.

ಫ್ರಿಜ್ ಸೀನ್ ಬರಾಕ ಇನ್ನೂ ಟೈಮ್ ಇತ್ತು.
ಡಿ ಸಾಲಿನಾಂವ ಬರೂದು ಸೋಮವಾರ.